ಮಕ್ಕಳ ತಲೆಯ ಮೇಲಿನ ಗಾಳಿ

ಕೂಡ್ಲಿಗಿಯಲ್ಲಿ ನಾನು ಮತ್ತು ನನ್ನ ಗಂಡ ಒಂದು ಫೋಟೋ ಸ್ಟುಡಿಯೊ ನಡೆಸುತ್ತೇವೆ. ಆಲ್ಬಂ ಕೆಲಸ ಅವರದು, ಡ್ರೋನ್ ನನ್ನದು. ನಾಲ್ಕು ವರ್ಷದಿಂದ ಹಾರಿಸುತ್ತಿದ್ದೇನೆ. ನಮ್ಮ ಕಡೆ ಆಷಾಢದಲ್ಲಿ ಬೀಸುವ ಪಡುವಣ ಗಾಳಿ ಎಂಥದೆಂದು ನನಗೆ ಗೊತ್ತು. ನೆಲದ ಮೇಲೆ ಸೆರಗು ಮಾತ್ರ ಹಾರುತ್ತಿರುತ್ತದೆ. ಬೇವಿನ ಮರದ ತುದಿ ದಾಟಿದರೆ ಡ್ರೋನನ್ನೇ ತಳ್ಳಿಕೊಂಡು ಹೋಗುತ್ತದೆ. ಇಷ್ಟು ಗೊತ್ತಿದ್ದೂ ಆ ದಿನ ಏನು ಮಾಡಿದೆ ಎಂಬುದನ್ನು ನೆನೆದರೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ.

ಹಗರಿಬೊಮ್ಮನಹಳ್ಳಿ ಕಡೆಯ ಒಂದು ಖಾಸಗಿ ಶಾಲೆಗೆ ದೊಡ್ಡವರು ಯಾರೋ ಬರುವವರಿದ್ದರು. ಮಕ್ಕಳನ್ನು ಮೈದಾನದಲ್ಲಿ ‘ಸುಸ್ವಾಗತ’ ಎಂಬ ಅಕ್ಷರಗಳ ಆಕಾರದಲ್ಲಿ ನಿಲ್ಲಿಸಿ, ಮೇಲಿನಿಂದ ವಿಡಿಯೊ ತೆಗೆಯಬೇಕಿತ್ತು. ಫೋನಿನಲ್ಲಿ ಒಪ್ಪಿಕೊಂಡದ್ದು ನನ್ನ ಗಂಡ, ನನ್ನನ್ನು ಒಂದು ಮಾತೂ ಕೇಳದೆ.

ನಾವು ಹೋಗುವಷ್ಟರಲ್ಲಿ ಮಕ್ಕಳು ಬಿಸಿಲಲ್ಲಿ ನಿಂತು ಒಂದು ತಾಸಾಗಿತ್ತಂತೆ. ಆಡಳಿತ ಮಂಡಳಿಯ ಅಧ್ಯಕ್ಷರು ಮಾತ್ರ ವೇದಿಕೆಯ ಶಾಮಿಯಾನದಡಿ ಕೂತಿದ್ದರು. ಶಾಮಿಯಾನದ ಬಟ್ಟೆ ಪಟಪಟ ಬಡಿಯುತ್ತಿತ್ತು. ನಾನು ನೇರವಾಗಿ ಹೇಳಿದೆ.

“ಸರ್, ಇವತ್ತು ಗಾಳಿ ಜೋರೈತಿ. ಮಕ್ಕಳ ತಲಿ ಮ್ಯಾಲೆ ಹಾರಸಂಗಿಲ್ರಿ. ಮಾಳಿಗಿ ಮ್ಯಾಲೆ ನಿಂತು ಕ್ಯಾಮೆರಾದಾಗ ತೆಗಿತೀನಿ, ಅಕ್ಷರ ಚೊಲೋ ಕಾಣ್ತಾವು.”

ಅವರು ನನ್ನ ಮುಖ ಕೂಡ ನೋಡಲಿಲ್ಲ. ನನ್ನ ಗಂಡನ ಕಡೆ ತಿರುಗಿ ನಕ್ಕರು. “ಏನ್ರಿ, ಹೆಣ್ಮಕ್ಕಳ ಕೈಯಾಗ ಮಷೀನ್ ಕೊಟ್ರ ಹಿಂಗ ಅಲ್ಲೇನು? ನಿಮಗ ಬರಂಗಿಲ್ಲೇನು?”

ನನ್ನ ಗಂಡನ ಮುಖ ಕೆಂಪಾಯಿತು. “ಐದು ನಿಮಿಷದ ಕೆಲಸ. ಕೊಡು ಇಲ್ಲಿ,” ಎಂದು ಕೈ ಚಾಚಿದರು. ಅಷ್ಟು ಜನರ ಮುಂದೆ ಜಗಳ ಬೇಡವೆಂದು ನಾನು ರಿಮೋಟ್ ಕೊಟ್ಟೆ. ಹೌದು, ಕೊಟ್ಟೆ.

ಡ್ರೋನ್ ಏರಿತು. ಮರದ ಮಟ್ಟ ದಾಟಿದ್ದೇ ತಡ, ಓರೆಯಾಗಿ ಪೂರ್ವಕ್ಕೆ ಜಾರತೊಡಗಿತು. ಮಕ್ಕಳನ್ನು ದಾಟಿ, ಕಾಂಪೌಂಡ್ ದಾಟಿ, ಆಚೆಯ ಮೆಕ್ಕೆಜೋಳದ ಹೊಲದ ಮೇಲೆ ಹೋಯಿತು. ಗಾಳಿ ಜೋರಾಗಿದೆ ಎಂಬ ಎಚ್ಚರಿಕೆ ಪರದೆಯ ಮೇಲೆ ಬಂತು. ಗಂಡ ಗಾಬರಿಯಾಗಿ, ತಾನಾಗಿಯೇ ವಾಪಸ್ ಬರುವ ಬಟನ್ ಒತ್ತಿದರು. ಆ ಬಟನ್ ಒತ್ತಿದರೆ ಡ್ರೋನ್ ಮೊದಲು ಇನ್ನೂ ಮೇಲಕ್ಕೆ ಏರುತ್ತದೆ. ಮೇಲೆ ಗಾಳಿ ಇನ್ನೂ ಹೆಚ್ಚು. ಅದು ಗಾಳಿಗೆ ಎದುರಾಗಿ ಒದ್ದಾಡುತ್ತ ನಿಂತಲ್ಲೇ ನಿಂತಿತು. ಬ್ಯಾಟರಿ ಮಾತ್ರ ಇಳಿಯುತ್ತ ಹೋಯಿತು.

“ಅದನ್ನ ರದ್ದು ಮಾಡ್ರಿ! ಕೆಳಗ ತರ್ರಿ, ಹೊಲದಾಗ ಇಳಸ್ರಿ!” ಎಂದು ಕಿರುಚಿದೆ.

“ಹೊಲದಾಗ ಯಾಕ? ಇಲ್ಲಿಗೇ ತರ್ರಿ, ಶೂಟಿಂಗ್ ಆಗ್ಲಿ,” ಅಧ್ಯಕ್ಷರ ದನಿ.

ಗಂಡ ಕೇಳಿದ್ದು ಅವರ ಮಾತನ್ನು. ಡ್ರೋನನ್ನು ತಗ್ಗಿಸಿ, ಮಕ್ಕಳ ಮೇಲಿನಿಂದಲೇ ವೇದಿಕೆಯ ಕಡೆ ತರತೊಡಗಿದರು. ನಾನು ಮೈದಾನಕ್ಕೆ ಓಡಿದೆ. “ಮಕ್ಕಳನ್ನ ಒಳಗ ಕರಕೊಳ್ರಿ!” ಎಂದು ಕೂಗಿದೆ. ದೈಹಿಕ ಶಿಕ್ಷಣದ ಟೀಚರ್, ಇಪ್ಪತ್ತೈದರ ಹುಡುಗಿ, ಒಂದು ಸಲ ಮೇಲೆ ನೋಡಿದವಳೇ ಸೀಟಿ ಊದಿದಳು. “ಲೈನ್ ಕೆಡಿಸಬ್ಯಾಡ್ರಿ!” ಎಂದು ಅಧ್ಯಕ್ಷರು ಮೈಕಿನಲ್ಲಿ ಗುಡುಗಿದರು. ಆಕೆ ಕಿವಿಗೊಡಲಿಲ್ಲ. ಅಕ್ಷರಗಳು ಒಡೆದು ವರಾಂಡದತ್ತ ಓಡಿದವು.

ಬ್ಯಾಟರಿ ತೀರಾ ಇಳಿದಾಗ ಡ್ರೋನ್ ಇದ್ದ ಜಾಗದಲ್ಲೇ ಇಳಿಯಲು ಶುರುಮಾಡುತ್ತದೆ. ಅದೂ ಹಾಗೆಯೇ ಇಳಿಯಿತು. ಗಾಳಿ ಕೊನೆಗೊಮ್ಮೆ ತಳ್ಳಿತು. ಡ್ರೋನ್ ಮೈದಾನದ ಧ್ವಜಸ್ತಂಭದ ಕಟ್ಟೆಗೆ ಬಡಿದು ಚೂರಾಯಿತು. ರೆಕ್ಕೆಯ ಒಂದು ಚೂರು ಸಿಡಿದು, ಎಲ್ಲರಿಗಿಂತ ಹಿಂದೆ ಓಡುತ್ತಿದ್ದ ನಾಲ್ಕನೇ ಕ್ಲಾಸಿನ ಹುಡುಗಿಯ ಮೊಣಕೈಯನ್ನು ಸೀಳಿತು.

ನನ್ನ ವೇಲಿನಿಂದ ಗಾಯ ಕಟ್ಟಿದೆ. ಅಳುತ್ತಲೇ ಅವಳು ಹೇಳಿದಳು: “ಮಿಸ್, ನಾ ‘ಸು’ದ ಕೊಂಬಿನ್ಯಾಗ ನಿಂತಿದ್ದೆ. ಲೈನ್ ನಾ ಕೆಡಿಸಲಿಲ್ಲ.”

ಆಸ್ಪತ್ರೆಯಲ್ಲಿ ನಾಲ್ಕು ಹೊಲಿಗೆ ಬಿದ್ದವು. ಅಧ್ಯಕ್ಷರು ಅತ್ತ ಸುಳಿಯಲಿಲ್ಲ. ಮಾರನೆಯ ದಿನ ಅವರು ಮಾಡಿದ್ದೇನೆಂದರೆ, ಕಾರ್ಯಕ್ರಮಕ್ಕೆ ಅಡ್ಡಿ ಮಾಡಿದಳೆಂದು ಆ ಟೀಚರಿಗೆ ನೋಟಿಸ್ ಕೊಟ್ಟರು. ಸುದ್ದಿ ಕೇಳಿ ನನ್ನ ಮೈ ಉರಿಯಿತು. ನಡೆದದ್ದನ್ನೆಲ್ಲ ಬರೆದೆ: ಯಾರು ಹಾರಿಸಬೇಡಿ ಎಂದರು, ಯಾರು ಹಾರಿಸಿ ಎಂದರು, ಯಾರು ಮಕ್ಕಳನ್ನು ಉಳಿಸಿದರು. ಕೆಳಗೆ ಸಹಿ ಹಾಕುವಂತೆ ಗಂಡನಿಗೆ ಹೇಳಿದೆ. “ನನ್ನ ಮಾನ ತೆಗಿತೀಯೇನು?” ಎಂದರು. “ಹುಡುಗಿ ಕೈ ಸೀಳಿದಾಗ ಹೋಗ್ಲಿಲ್ಲೇನು ಮಾನ?” ಎಂದೆ. ಪತ್ರವನ್ನು ಎರಡು ಸಲ ಓದಿ ಸಹಿ ಹಾಕಿದರು. ಆ ಪತ್ರವನ್ನು ಶಾಲೆಯ ಪಾಲಕರ ಸಭೆಗೆ ಹೋಗಿ, ಎದ್ದು ನಿಂತು ಓದಿದೆ. ತಂದೆತಾಯಂದಿರು ಎದ್ದು ಕೂಗಾಡಿದ ಮೇಲೆ ನೋಟಿಸ್ ವಾಪಸಾಯಿತು. ಕ್ಷಮೆ ಮಾತ್ರ ಯಾರೂ ಕೇಳಲಿಲ್ಲ.

ಆ ಹುಡುಗಿಯ ಮನೆಗೂ ಹೋದೆ. ಕುರಿ ಸಾಕುವ ಮನೆತನ. ಅವಳ ಅಜ್ಜಿ ನನ್ನ ಮಾತನ್ನೆಲ್ಲ ಕೇಳಿಸಿಕೊಂಡಳು.

“ಗಾಳಿ ಐತಂತ ನಿನಗ ಮೊದ್ಲ ಗೊತ್ತಿತ್ತಲ್ಲವಾ?”

“ಗೊತ್ತಿತ್ತು ಅಮ್ಮ.”

“ಮತ್ತ ನಿನ್ನ ಕೈಯಾಗ ಇದ್ದದ್ದು ಯಾಕ ಕೊಟ್ಟಿ?”

ಅಧ್ಯಕ್ಷರ ಮೇಲಿನ ಸಿಟ್ಟು, ಗಂಡನ ಮೇಲಿನ ಸಿಟ್ಟು ಎರಡೂ ಇನ್ನೂ ಇವೆ. ಅವೆರಡಕ್ಕಿಂತ ಹೆಚ್ಚು ಉರಿಯುವುದು ಆ ಪ್ರಶ್ನೆ.

ಹೊಸ ಡ್ರೋನ್ ಬಂದಿದೆ. ಮೊನ್ನೆ ಹರಪನಹಳ್ಳಿಯಿಂದ ಮದುವೆಯವರೊಬ್ಬರು ಫೋನ್ ಮಾಡಿದ್ದರು. ಗಂಡ ಫೋನಿಗೆ ಕೈ ಅಡ್ಡ ಹಿಡಿದು ಕೇಳಿದರು: “ಆವತ್ತು ಗಾಳಿ ಇದ್ರ?”

“ಇದ್ರ ಹಾರಸಂಗಿಲ್ಲ.”

“ಆಕಿ ಹಾರಸಂಗಿಲ್ಲ ಅಂತಾಳ್ರಿ,” ಎಂದು ಫೋನಿನಲ್ಲಿ ಹೇಳಿದರು. ಆ ಕೆಲಸ ಬೇರೆಯವರ ಪಾಲಾಯಿತು.