ಒಂದೇ ಮೈಕಿನ ಕಛೇರಿ

ಲಗ್ಗೆರೆಯ ನಮ್ಮ ಬಾಡಿಗೆ ಮನೆಯಲ್ಲಿ ಒಂದೇ ಮೈಕಿನಿಂದ ಮೂರು ವಾದ್ಯ ರೆಕಾರ್ಡ್ ಮಾಡಲು ಸಾಧ್ಯವೇ ಇಲ್ಲ ಎಂದವರು ನಮ್ಮ ಕಾಲೇಜಿನ ಸೌಂಡ್ ಮೇಷ್ಟ್ರು. ಹೆಡ್‌ಫೋನನ್ನು ಒಂದೇ ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, “ಫೀಲ್ ಬರಲ್ಲ ಕಣೋ” ಎನ್ನುವರು. ಅವರ ಪಾಠವೆಂದರೆ ಅಷ್ಟೇ.

ನಮ್ಮ ವಂಶದ ಮೊದಲ ಡಿಗ್ರಿ ಆ ರೆಕಾರ್ಡಿಂಗ್ ಪ್ರಾಜೆಕ್ಟಿನ ಮೇಲೆ ನಿಂತಿತ್ತು. ಫ್ಯಾನ್ ನಿಲ್ಲಿಸಿ, ಬಾಗಿಲಿಗೆ ಕಂಬಳಿ ಕಟ್ಟಿ, ನುಡಿಸುವವರನ್ನು ಒಬ್ಬೊಬ್ಬರಾಗಿ ಕೂರಿಸಿ, ಹಾರ್ಮೋನಿಯಂ, ತಬಲಾ, ಕೊಳಲುಗಳನ್ನು ಒಂದಾದ ಮೇಲೊಂದು ಬೇರೆ ಬೇರೆ ಟ್ರ್ಯಾಕಿನಲ್ಲಿ ಹಿಡಿದೆ.

ಪರೀಕ್ಷೆಯಲ್ಲಿ ಕೇಳಿ ಅವರು ತಲೆದೂಗಿದರು. “ನೋಡ್ರೋ, ಮೂವರೂ ಒಟ್ಟಿಗೆ ಕೂತು ನುಡಿಸಿದ್ದಾರೆ. ಇದಪ್ಪಾ ಫೀಲು!”

ನಾನು ತಬಲಾ ಟ್ರ್ಯಾಕ್ ನಿಲ್ಲಿಸಿದೆ, ಆಮೇಲೆ ಕೊಳಲಿನದು. ಹಾರ್ಮೋನಿಯಂ ಒಂದೇ ಉಳಿಯಿತು.

“ಈ ಹೆಡ್‌ಫೋನೇ ಸರಿಯಿಲ್ಲ,” ಎಂದರು.

ಸರ್ಟಿಫಿಕೇಟ್ ಕೈಗಿಡುವಾಗ ಎಲ್ಲರಿಗೂ ಕೇಳುವಂತೆ, “ನಾನೇ ತಯಾರು ಮಾಡಿದ ಹುಡುಗ,” ಎಂದರು. ಪಕ್ಕದಲ್ಲಿದ್ದ ಅಮ್ಮ ಕೈ ಮುಗಿದಳು.

“ಬಿಡುವಾದಾಗ ಮನೆಗೆ ಬನ್ನಿ ಸಾರ್. ನಿಮ್ಗೂ ಹೇಳ್ಕೊಡ್ತಾನೆ.”