ಎಲೆಯ ಮೇಲೆ ಎರಡು ಕೈ

ಇಳಕಲ್ಲಿನ ಚಂದ್ರಶೇಖರಪ್ಪ ಹೊಟ್ಟೆಪಾಡಿಗೆ ಸೀರೆ ನೇಯುತ್ತಿದ್ದ. ಆದರೆ ಬದುಕಿದ್ದು ಬಡಿಸುವುದಕ್ಕೆ. ಊರಲ್ಲಿ ಯಾರ ಮನೆಯ ಮದುವೆಯಾಗಲಿ, ಮಗ್ಗ ಬಿಟ್ಟೆದ್ದು, ಕೆಂಪು ಅಂಚಿನ ಟವೆಲ್ಲು ಸೊಂಟಕ್ಕೆ ಬಿಗಿದು ಪಂಕ್ತಿಯ ಮುಂದೆ ಹಾಜರ್. ಕರೆದಿದ್ದಾರೋ ಇಲ್ಲವೋ ಎಂಬುದನ್ನು ಅವನು ಎಂದೂ ವಿಚಾರಿಸಿದವನಲ್ಲ.

ಬಡಿಸುವುದಕ್ಕೆ ಅವನದೇ ಒಂದು ಶಾಸ್ತ್ರವಿತ್ತು. ಉಣ್ಣುವವರು ಬಾಯಲ್ಲಿ 'ಬ್ಯಾಡ' ಅಂದರೆ ಅದು ಬರೀ ಮರ್ಯಾದೆ. ಒಂದು ಕೈ ಅಡ್ಡ ಹಿಡಿದರೆ ನಾಚಿಕೆ. ಎರಡೂ ಕೈ ಎಲೆಯ ಮೇಲೆ ಹರಡಿ, ಮೈಯನ್ನೂ ಬಾಗಿಸಿದರೆ ಮಾತ್ರ ಖರೆ ಬ್ಯಾಡ. ಅಲ್ಲಿಯವರೆಗೆ ಸೌಟು ನಿಲ್ಲಿಸುವವನು ಅವನ ಲೆಕ್ಕದಲ್ಲಿ ಹಮಾಲ. ಈ ಶಾಸ್ತ್ರಕ್ಕೆ ಸಿಕ್ಕು ಎದ್ದೇಳಲಾರದೆ ಗೋಡೆ ಹಿಡಿದು ನಿಂತವರು ಇಳಕಲ್ಲಿನಲ್ಲಿ ಎಷ್ಟು ಮಂದಿಯೋ. ಬೈಯುತ್ತಿದ್ದರು, ಮುಂದಿನ ಮದುವೆಯಲ್ಲಿ ಮತ್ತೆ ಅವನ ಸಾಲನ್ನೇ ಹುಡುಕಿ ಕೂರುತ್ತಿದ್ದರು.

ಅಷ್ಟರಲ್ಲಿ ಈ ಹಾಳು ಬಫೆ ಬಂತು. ಜನ ತಟ್ಟೆ ಹಿಡಿದು ಸಾಲು ನಿಂತರು, ಟೋಪಿ ಹಾಕಿದ ಹುಡುಗರು ಮುಖವನ್ನೂ ನೋಡದೆ ಅನ್ನ ಹಾಕಿದರು. ಚಂದ್ರಶೇಖರಪ್ಪ ಟವೆಲ್ಲು ಕಟ್ಟಿಕೊಂಡು ಹೋಗಿ, ಕಟ್ಟಿಕೊಂಡೇ ವಾಪಸು ಬರತೊಡಗಿದ. ಸಾಲದ್ದಕ್ಕೆ ೨೦೦೮ರಲ್ಲಿ ಅವನ ಸ್ವಂತ ಮಗಳು ಸುನಿತಾಳ ಮದುವೆ ಗೊತ್ತಾದಾಗ, ಗುಳೇದಗುಡ್ಡದ ಬೀಗರು ಹಾಕಿದ್ದು ಒಂದೇ ಷರತ್ತು. "ವರದಕ್ಷಿಣಿ ಬ್ಯಾಡ, ಬಂಗಾರ ಬ್ಯಾಡ. ಊಟ ಮಾತ್ರ ಬಫೆ ಇರಬೇಕ್ರಿ. ನಮ್ಮ ಮಂದಿ ಮುಂದ ಮಾನ ಉಳೀಬೇಕು" ಎಂದರು ಶಿವಪುತ್ರಪ್ಪನವರು. ಕುಪ್ಪಸದ ಖಣದ ವ್ಯಾಪಾರಿ, ಭಜನಾ ಮಂಡಳಿಯ ಮುಖ್ಯಸ್ಥರು, ಮೀಸೆಯ ಅಡಿ ನಗುವೇ ಕಾಣದ ಮನುಷ್ಯ. ಊರವರಿಗೆಲ್ಲ ಬಡಿಸಿದ ಕೈ ತನ್ನ ಮಗಳ ಮದುವೆಯಲ್ಲಿ ಸುಮ್ಮನೆ ಕೂರಬೇಕಲ್ಲ ಎಂದು ಚಂದ್ರಶೇಖರಪ್ಪನಿಗೆ ಅನ್ನ ಸೇರಲಿಲ್ಲ.

ಆಗ ಬಂದವನು ತಂಗಿಯ ಮಗ ರಾಜೇಶ. ಬಾಗಲಕೋಟೆಯಲ್ಲಿ ಅವನದು ಶಾಮಿಯಾನದ ಕೆಲಸ. ನವನಗರದ ಮೈದಾನದಲ್ಲಿ ದ್ರಾಕ್ಷಿ ಬೆಳೆಗಾರರು ಎರಡು ದಿನದ ವೈನ್ ಮೇಳ ಇಟ್ಟಿದ್ದರು. ಸ್ವಯಂಸೇವಕರಾಗಿ ಬರುತ್ತೇವೆಂದಿದ್ದ ಕಾಲೇಜು ಹುಡುಗರನ್ನು ಅಪ್ಪ ಅವ್ವ ಮನೆಯಲ್ಲಿ ಕೂಡಿಹಾಕಿದ್ದರು.

"ಮಾಮಾ, ಬಡಸೋ ಮಂದಿ ಬೇಕಾಗ್ಯಾರ" ಎಂದ ರಾಜೇಶ.

ಹೆಂಡತಿ ರತ್ನಾಬಾಯಿ ಸೊಂಟದ ಮೇಲೆ ಕೈಯಿಟ್ಟಳು. "ಮಗಳ ಮದುವಿ ಮುಂದಿಟ್ಕೊಂಡು ಸೆರೆ ಕುಡಸಾಕ ಹೊಂಟೀರೇನು?"

"ಕುಡಸಾಕಲ್ಲ, ಬಡಸಾಕ. ನಾ ಒಂದು ಹನಿ ಮುಟ್ಟಿದ್ರ ಕೇಳು."

ರತ್ನಾಬಾಯಿ ಕೆಂಪು ಅಂಚಿನ ಟವೆಲ್ಲು ಕಿತ್ತುಕೊಂಡು ಟ್ರಂಕಿನಲ್ಲಿಟ್ಟಳು. ಅದನ್ನು ಆ ಕೆಲಸಕ್ಕೆ ಕಟ್ಟಬಾರದು, ಅಷ್ಟೇ. ಆ ಮಟ್ಟಿಗೆ ರಾಜಿ ಆಯಿತು.

ಮೇಳದಲ್ಲಿ ಅವನ ಕೊರಳಿಗೊಂದು ಗುರುತಿನ ಚೀಟಿ ಹಾಕಿ, ಒಂದು ಮಳಿಗೆಯಲ್ಲಿ ನಿಲ್ಲಿಸಿದರು. ಒಬ್ಬರಿಗೆ ಎರಡು ಚಮಚೆಯಷ್ಟು ಹಾಕಬೇಕು. ಅವರು ಗ್ಲಾಸು ತಿರುವಿ, ವಾಸನೆ ನೋಡಿ, ಬಾಯಲ್ಲಿ ಆಡಿಸಿ, ಬಕೆಟಿಗೆ ಉಗುಳುತ್ತಾರೆ. ಕೊನೆಯ ಮಾತು ಕೇಳಿ ಚಂದ್ರಶೇಖರಪ್ಪ ಬಕೆಟ್ಟಿನತ್ತ ತಿರುಗಿ ನೋಡಿದ. ಬಡಿಸಿದ್ದನ್ನು ಬಡಿಸಿದವನ ಎದುರಿಗೇ ಉಗುಳುವುದೇ? ಸಂಘಟಕರು ಅತ್ತ ಹೋದದ್ದೇ ತಡ, ಬಕೆಟ್ಟನ್ನು ಒಯ್ದು ಪರದೆಯ ಹಿಂದಿಟ್ಟ.

ಆಮೇಲೆ ಶಾಸ್ತ್ರ ಶುರುವಾಯಿತು. "ಸಾಕ್ರಿ" ಎಂದವರಿಗೆ, "ಹಂಗಂದ್ರ ಹೆಂಗ್ರಿ, ಇನ್ನೊಂದೀಟ ಹಾಕಸ್ಕೋರಿ." ಕೈ ಅಡ್ಡ ಹಿಡಿದವರಿಗೆ ಬೆರಳಿನ ಸಂದಿಯಿಂದ. ಒಂದು ಕೈಯಲ್ಲಿ ಗ್ಲಾಸು ಹಿಡಿದವರು ಎರಡೂ ಕೈ ಅಡ್ಡ ಇಡುವುದಾದರೂ ಹೇಗೆ? ಹೀಗಾಗಿ ಖರೆ ಬ್ಯಾಡ ಎಂಬುದು ಆ ಮಳಿಗೆಯಲ್ಲಿ ಯಾರಿಗೂ ಸಾಧ್ಯವಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬ್ಯಾಂಕಿನ ಮ್ಯಾನೇಜರರೊಬ್ಬರು ಶಾಮಿಯಾನದ ಕಂಬವನ್ನು ತಬ್ಬಿ ಕ್ಷೇಮಸಮಾಚಾರ ವಿಚಾರಿಸುತ್ತಿದ್ದರು.

ಅಷ್ಟರಲ್ಲಿ ಕಪ್ಪು ಕನ್ನಡಕ ಹಾಕಿ, ತಲೆಗೆ ಶಾಲು ಸುತ್ತಿಕೊಂಡ ಒಬ್ಬರು ಮಳಿಗೆಯ ಮುಂದೆ ಬಂದರು. ಮೀಸೆ ಮಾತ್ರ ಬಯಲಿಗಿತ್ತು. ಚಂದ್ರಶೇಖರಪ್ಪ ಆ ಮೀಸೆಯನ್ನು ನೋಡಿದ, ಮೀಸೆ ಚಂದ್ರಶೇಖರಪ್ಪನನ್ನು ನೋಡಿತು.

"ನಾ ದ್ರಾಕ್ಷಿ ರೇಟ ಕೇಳಾಕ ಬಂದಿದ್ನಿ" ಎಂದರು ಶಿವಪುತ್ರಪ್ಪ.

"ನಾ ನಮ್ಮ ರಾಜೇಶನ್ನ ಮಾತಾಡಸಾಕ ಬಂದಿದ್ನಿ" ಎಂದ ಚಂದ್ರಶೇಖರಪ್ಪ, ಕೈಯಲ್ಲಿ ಬಾಟಲಿ ಹಿಡಿದುಕೊಂಡೇ.

ಬೇರೆ ಯಾರಾದರೂ ಆಗಿದ್ದರೆ ಇಬ್ಬರೂ ಅಲ್ಲಿಂದ ಪಾರಾಗುತ್ತಿದ್ದರು. ಆದರೆ ಎದುರಿಗೆ ನಿಂತವರು ಬೀಗರು. ಬೀಗರನ್ನು ಬರಿಗೈಲಿ ಕಳಿಸುವುದುಂಟೆ? ಬಾಟಲಿ ಹಿಡಿದ ಕೈ ತಾನಾಗಿ ಅವರ ಗ್ಲಾಸಿಗೆ ಬಗ್ಗಿತು. "ಬ್ಯಾಡ್ರಿ" ಎಂದರು. ಅದು ಮರ್ಯಾದೆ. ಮತ್ತೆ ಹಾಕಿದ. ಕೈ ಅಡ್ಡ ತಂದರು. ಅದು ನಾಚಿಕೆ. "ನಮ್ಮ ಸುನಿತಾನ ಆಣಿ ಐತಿ, ಇದೊಂದು" ಎಂದ. ಹಾಗೆ 'ಇದೊಂದು' ಎಂಟು ಸಲ ಆಯಿತು.

ಎಂಟನೆಯದಕ್ಕೆ ಶಿವಪುತ್ರಪ್ಪ ಕನ್ನಡಕ ತೆಗೆದರು. ಕಣ್ಣು ತುಂಬಿತ್ತು. "ಬೀಗ್ರ, ನಮ್ಮ ಹಿರೇಮಗನ ಮದುವ್ಯಾಗ ಬಫೆ ಇಟ್ಟಿದ್ವಿ. ನಾ ತಟ್ಟಿ ಹಿಡ್ಕೊಂಡು ನಿಂತೇ ಇದ್ದೆ. ಇನ್ನೊಂದು ಹೋಳಿಗಿ ತಗೋ ಅಂತ ಒಬ್ಬಾಂವ ಅನಲಿಲ್ಲ. ಹಸಕೊಂಡ ಮನಿಗಿ ಹೋದ್ನಿ." ಮೂಗೊರೆಸಿಕೊಂಡು ಚಂದ್ರಶೇಖರಪ್ಪನ ಕೈ ಹಿಡಿದರು. "ಮದುವಿಗಿ ಪಂಕ್ತಿನ ಆಗಬೇಕು. ನೀವ ಬಡಸಬೇಕು. ಇದು ನನ್ನ ಮಾತು."

ನಾಲ್ಕು ಗಂಟೆಗೆ ಎರಡು ದಿನದ ಸರಕು ಖಾಲಿಯಾಗಿ, ಸಂಘಟಕರು ಅವನ ಕೊರಳ ಚೀಟಿ ಕಿತ್ತುಕೊಂಡರು. ಅದರ ಚಿಂತೆ ಅವನಿಗಿರಲಿಲ್ಲ. ನಿಜವಾದ ಚಿಂತೆ ಮರುದಿನ ಶುರುವಾಯಿತು. ಬೀಗರಿಗೆ ಆ ಮಾತು ನೆನಪಿದೆಯೋ ಇಲ್ಲವೋ? ನೆನಪಿಸೋಣವೆಂದರೆ, ಎಲ್ಲಿ ಕೊಟ್ಟ ಮಾತು ಎಂದು ನಾಲ್ಕು ಜನರ ಎದುರು ಹೇಳುವುದು ಹೇಗೆ? ಹದಿನೈದು ದಿನ ಆ ಕಡೆಯಿಂದ ಸದ್ದಿಲ್ಲ. ಮಗ್ಗದ ಮೇಲಿನ ಸೆರಗಿನಲ್ಲಿ ತೆನೆಯ ಚಿತ್ತಾರವೆಲ್ಲ ಸೊಟ್ಟಗೆ ಬಂತು.

ಹದಿನಾರನೆಯ ದಿನ ಫೋನು ಬಂತು. "ಊಟ ಪಂಕ್ತಿಯೊಳಗ ಇರ್ಲಿ. ಯಾಕಂತ ಕೇಳಬ್ಯಾಡ್ರಿ" ಎಂದಷ್ಟೇ ಹೇಳಿ ಶಿವಪುತ್ರಪ್ಪ ಇಟ್ಟುಬಿಟ್ಟರು.

ಮದುವೆಯ ದಿನ ಅಕ್ಷತೆ ಬಿದ್ದ ಮೇಲೆ, ರತ್ನಾಬಾಯಿ ಒಗೆದು ಮಡಿಚಿದ ಕೆಂಪು ಅಂಚಿನ ಟವೆಲ್ಲನ್ನು ತಂದು ತಾನೇ ಗಂಡನ ಕೈಗಿಟ್ಟಳು. ಚಂದ್ರಶೇಖರಪ್ಪ ಅದನ್ನು ಕಣ್ಣಿಗೊತ್ತಿಕೊಂಡ. ಬಿಗಿದು ಕಟ್ಟಿಕೊಂಡು, ಗೋಧಿಹುಗ್ಗಿಯ ಬಕೆಟ್ಟು ಎತ್ತಿಕೊಂಡು ಮೊದಲ ಪಂಕ್ತಿಗೆ ನಡೆದ. ಅಲ್ಲಿ ಮೊದಲನೆಯ ಎಲೆಯೇ ಬೀಗರದು.

ಅವನು ಬಗ್ಗುವ ಮೊದಲೇ ಶಿವಪುತ್ರಪ್ಪ ಗಾಬರಿಯಿಂದ ಎರಡೂ ಕೈ ಎಲೆಯ ಮೇಲೆ ಹರಡಿ, ಮೈಯೆಲ್ಲ ಬಾಗಿಸಿಬಿಟ್ಟರು. ಖರೆ ಬ್ಯಾಡ. ಮೂವತ್ತು ವರ್ಷದಲ್ಲಿ ಚಂದ್ರಶೇಖರಪ್ಪ ಅದನ್ನು ಮೀರಿದವನಲ್ಲ. ಸೌಟು ಗಾಳಿಯಲ್ಲೇ ನಿಂತಿತು. ಪಂಕ್ತಿಯೆಲ್ಲ ಇವರನ್ನೇ ನೋಡುತ್ತಿತ್ತು.

ಅವನು ಅವರ ಕಿವಿಯ ಹತ್ತಿರ ಬಗ್ಗಿದ. "ಬೀಗ್ರ, ಇದು ಬರೇ ಹುಗ್ಗಿರಿ."

ಶಿವಪುತ್ರಪ್ಪ ಬಕೆಟ್ಟಿನೊಳಗೆ ಇಣುಕಿದರು, ಮೂಸಿಯೂ ನೋಡಿದರು. ಒಂದು ಕೈ ತೆಗೆದರು. ಚಂದ್ರಶೇಖರಪ್ಪ ಕಾದ. ಆಮೇಲೆ ಇನ್ನೊಂದನ್ನೂ ತೆಗೆದು, ಮೀಸೆಯ ಅಡಿಯಲ್ಲೇ ಅಂದರು, "ತುಪ್ಪ ತುಸು ಕೈಬಿಚ್ಚಿ ಹಾಕ್ರಿ."