ಅಣ್ಣನ ಕಾರಿನ ದೊಡ್ಡ ಚಕ್ರಗಳು

ಕಾರು ಬಂದು ನಿಂತರೆ ಎಲ್ಲರೂ ಒಳಗೆ ಯಾರಿದ್ದಾರೆಂದು ನೋಡುತ್ತಾರೆ. ನಾನು ಬಗ್ಗಿ ಚಕ್ರ ನೋಡುತ್ತೇನೆ. ಇದು ಅಷ್ಟೇನೂ ಮರ್ಯಾದೆಯ ಅಭ್ಯಾಸವಲ್ಲ. ಒಮ್ಮೆ ಮದುವೆಮನೆಯ ಬಾಗಿಲಲ್ಲಿ ನಾನು ಹೀಗೆ ಬಗ್ಗಿದ್ದನ್ನು ಕಂಡು, ಕಾರಿನಿಂದ ಇಳಿಯುತ್ತಿದ್ದ ಹಿರಿಯರೊಬ್ಬರು ತಮ್ಮ ಕಾಲಿಗೆ ಬೀಳುತ್ತಿದ್ದಾನೆಂದುಕೊಂಡು ತಲೆ ಮೇಲೆ ಕೈಯಿಟ್ಟು ಹರಸಿಯೇಬಿಟ್ಟರು. ನಾನೇನೂ ಕಾರಿಟ್ಟವನಲ್ಲ. ತರೀಕೆರೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತ ಸೈಕಲ್ಲಿನಲ್ಲೇ ಓಡಾಡಿಕೊಂಡಿದ್ದವನು. ಈ ಚಕ್ರದ ಚಟ ನನಗೆ ಅಂಟಿದ್ದು ನನ್ನ ಅಣ್ಣನ ದೆಸೆಯಿಂದ.

ಐವತ್ತರ ದಶಕದ ಕೊನೆಯ ಮಾತು. ಅಣ್ಣ ಅಜ್ಜಂಪುರದಲ್ಲಿ ಡಾಕ್ಟರು. ಕಡೂರಿನ ವಕೀಲರೊಬ್ಬರಿಂದ ಬೂದು ಬಣ್ಣದ ಒಂದು ಪುಟ್ಟ ಇಂಗ್ಲಿಷ್ ಕಾರು ಕೊಂಡಿದ್ದ. ಅದರ ಚಕ್ರಗಳು ಎಷ್ಟು ಸಪೂರವಾಗಿದ್ದುವೆಂದರೆ, ಈ ಕಾಲುಗಳ ಮೇಲೆ ಇದು ಹೇಗೆ ನಿಂತಿದೆ ಎಂದು ಸಂಶಯ ಬರುತ್ತಿತ್ತು. ಟಾರು ರಸ್ತೆಯಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ತೊಂದರೆ ಇದ್ದದ್ದು ಅಂತರಘಟ್ಟೆ ಕಡೆಯ ಹಳ್ಳಿದಾರಿಗಳಲ್ಲಿ. ಎರೆಮಣ್ಣಿನಲ್ಲಿ ಎತ್ತಿನ ಗಾಡಿಗಳು ಆಳವಾಗಿ ಜಾಡು ಕೊರೆದು, ನಡುವೆ ದಿಣ್ಣೆ ಎದ್ದಿರುತ್ತಿತ್ತು. ರೋಗಿ ನೋಡಲು ಹೋದಾಗೆಲ್ಲ ಕಾರಿನ ಹೊಟ್ಟೆ ಆ ದಿಣ್ಣೆಗೆ ಉಜ್ಜುತ್ತಿತ್ತು, ಅಣ್ಣನ ಹೊಟ್ಟೆ ಉರಿಯುತ್ತಿತ್ತು.

ಆ ಕಾರನ್ನು ಅವನಿಗಿಂತ ಚೆನ್ನಾಗಿ ಓಡಿಸುತ್ತಿದ್ದವರು ಶಾರದತ್ತಿಗೆ. ಹಳ್ಳಿಯಿಂದ ವಾಪಸು ಬರುವಾಗ ತಾನು ನಿದ್ದೆ ಹೊಡೆಯಬಹುದೆಂಬ ಸ್ವಾರ್ಥದಿಂದ ಅಣ್ಣನೇ ಹೆಂಡತಿಗೆ ಡ್ರೈವಿಂಗ್ ಕಲಿಸಿದ್ದ. ಅತ್ತಿಗೆ ಸಖರಾಯಪಟ್ಟಣದವರು, ಸಣ್ಣ ಆಳು, ಮಾತು ಕಡಿಮೆ. ಕಲಿತ ಮೇಲೆ ಕಾರು ಅವರ ಮಾತನ್ನೇ ಹೆಚ್ಚು ಕೇಳತೊಡಗಿತು. ಅವರು ಹಿಂದಿ ಪರೀಕ್ಷೆಗಳನ್ನು ಪಾಸು ಮಾಡಿಕೊಂಡಿದ್ದರು. ಶನಿವಾರ ಮಧ್ಯಾಹ್ನ ತಾವೊಬ್ಬರೇ ಕಾರು ಬಿಟ್ಟುಕೊಂಡು ತರೀಕೆರೆಗೆ ಬಂದು, ನನ್ನ ಬಾಡಿಗೆ ಮನೆಯ ಪಡಸಾಲೆಯಲ್ಲಿ ಊರ ಹೆಂಗಸರಿಗೆ ಹಿಂದಿ ಹೇಳಿಕೊಡುತ್ತಿದ್ದರು. ಅಡಿಗೆಮನೆಯಿಂದ ಹೊರಗೆ ಬರಲು ಇದಕ್ಕಿಂತ ಗೌರವದ ನೆಪ ಆ ಹೆಂಗಸರಿಗೆ ಬೇರೆ ಇರಲಿಲ್ಲ. ಅವರಲ್ಲಿ ಹಿರಿಯರು ಗಂಗಮ್ಮ, ಶಾನುಭೋಗರ ಹೆಂಡತಿ, ಆಗಲೇ ಮೊಮ್ಮಕ್ಕಳನ್ನು ಕಂಡಿದ್ದವರು. ಕಡೂರಿಗೆ ಹೋಗಿ ಪರೀಕ್ಷೆಗೆ ಕೂರಬೇಕೆಂದು ಎಲ್ಲರಿಗಿಂತ ಹೆಚ್ಚು ಹಟ ಹಿಡಿದಿದ್ದವರೂ ಅವರೇ.

ಹೀಗಿರುವಾಗ ಲಕ್ಕವಳ್ಳಿಯ ಅಣೆಕಟ್ಟಿನ ಕೆಲಸದ ಕಡೆ ಹಳೆಯ ವಾಹನಗಳ ಭಾಗಗಳು ಸಿಗುತ್ತವೆಂದು ಯಾರೋ ಅಣ್ಣನಿಗೆ ಹೇಳಿದರು. ಅವನು ಹೋದವನು ದಪ್ಪ ಟೈರಿನ ದೊಡ್ಡ ಚಕ್ರಗಳನ್ನು ತಂದ. ಬೋಲ್ಟಿನ ತೂತುಗಳು ಕೂಡಲಿಲ್ಲ. ಬೇರೆ ತೂತು ಕೊರೆಸಿದ. ಮಡ್‌ಗಾರ್ಡಿಗೆ ಚಕ್ರ ತಾಗಿತು. ಮಡ್‌ಗಾರ್ಡನ್ನು ಬಡಿದು ಅಗಲ ಮಾಡಿಸಿದ. ಕೊನೆಗೆ ಕಾರು ಎರಡು ಅಂಗುಲ ಎತ್ತರವಾಯಿತು. ಅಣ್ಣ ತಾನೇ ಅಷ್ಟು ಬೆಳೆದವನಂತೆ ಅದರಲ್ಲಿ ಕೂತು ಪೇಟೆಬೀದಿಯಲ್ಲಿ ಒಂದು ಸುತ್ತು ಬಂದ. ಅಂಗಡಿಯವರು ಎದ್ದು ನಿಂತು ನೋಡಿದರು. ‘ಡಾಕ್ಟ್ರು ಮಗೀಗೆ ಅಪ್ಪನ ಚಪ್ಪಲಿ ಹಾಕವ್ರೆ ಕಣ್ರೋ’ ಎಂದು ಒಬ್ಬ ಅಂದದ್ದು ಅವನ ಕಿವಿಗೆ ಬೀಳಲಿಲ್ಲ.

ಇಲ್ಲಿ ನನ್ನೊಳಗಿನ ಮೇಷ್ಟರು ಸ್ವಲ್ಪ ಬಾಯಿ ಹಾಕದೆ ಬಿಡುವುದಿಲ್ಲ. ಕಾರಿನೊಳಗೆ ಒಂದು ಮೂಟೆ ಇಟ್ಟರೆ ಎಂಜಿನ್ನು ಅದನ್ನು ಮುಂದಕ್ಕೆ ಒಯ್ದರೆ ಸಾಕು. ಅದೇ ಭಾರ ಚಕ್ರದ ಅಂಚಿನಲ್ಲಿದ್ದರೆ ಒಯ್ಯಲೂ ಬೇಕು, ತಿರುಗಿಸಲೂ ಬೇಕು. ಹೊರಡುವಾಗ ಅದು ಎರಡು ಮೂಟೆಯ ಹಾಗೆ ತೂಗುತ್ತದೆ, ನಿಲ್ಲಿಸುವಾಗಲೂ ಅಷ್ಟೇ. ಚಕ್ರ ದೊಡ್ಡದಾದಷ್ಟೂ ಒಂದು ಸುತ್ತಿಗೆ ಹೆಚ್ಚು ದೂರ ಕ್ರಮಿಸಬೇಕು, ಆದರೆ ನೆಲವನ್ನು ಹಿಂದಕ್ಕೆ ತಳ್ಳುವ ಬಲ ಕಡಿಮೆ. ಸಮತಟ್ಟಿನಲ್ಲಿ ಇದು ತಿಳಿಯುವುದಿಲ್ಲ, ಏರಿನಲ್ಲಿ ತಿಳಿಯುತ್ತದೆ. ಬ್ರೇಕಿಗೂ ಇದೇ ಗತಿ. ಸ್ಪೀಡು ತೋರಿಸುವ ಮುಳ್ಳು ಮಾತ್ರ ಹಳೆಯ ಚಕ್ರದ ಲೆಕ್ಕದಲ್ಲೇ ಇದ್ದು, ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ. ಹೀಗಾಗಿ ಅಣ್ಣ ಜೋರಾಗಿ ಹೋಗುತ್ತ ನಿಧಾನವಾಗಿ ಹೋಗುತ್ತಿದ್ದೇನೆಂದು ನಂಬಿದ್ದ.

ಇದನ್ನೆಲ್ಲ ಊಟಕ್ಕೆ ಕೂತಾಗ ವಿವರಿಸಿದೆ. ಅಣ್ಣ ಮಜ್ಜಿಗೆ ಸುರಿದುಕೊಳ್ಳುತ್ತ, ‘ಲೋ ಸೀನ, ಸೈಕಲ್ ತುಳಿಯೋನು ನೀನು. ಒಂದ್ಸಲ ಎತ್ತರದಲ್ಲಿ ಕೂತು ನೋಡು, ಆಮೇಲೆ ಪಾಠ ಹೇಳು’ ಅಂದ.

ಅತ್ತಿಗೆಗೆ ಪಾಠ ಬೇಕಾಗಿರಲಿಲ್ಲ, ತೋಳುಗಳೇ ಹೇಳಿದ್ದವು. ಹೊಸ ಚಕ್ರ ಬಂದ ಮೊದಲ ಶನಿವಾರ ಅವರು ತಡವಾಗಿ ಬಂದರು. ತಿರುವು ಬಂದಾಗೆಲ್ಲ ಸೀಟಿನಿಂದ ಅರ್ಧ ಎದ್ದು ಸ್ಟೀರಿಂಗನ್ನು ಎಳೆಯಬೇಕಾಯಿತಂತೆ. ಮನೆಗೆ ಹೋದ ಮೇಲೆ ಅಣ್ಣನಿಗೂ ಹೇಳಿದರಂತೆ: ‘ರೀ, ಇದು ತಿರುಗಲ್ಲ, ನಿಲ್ಲೋದೂ ಇಲ್ಲ.’ ಅಣ್ಣ ನಕ್ಕುಬಿಟ್ಟನಂತೆ.

ಮುಂದಿನ ಶನಿವಾರ ಒಂದು ತಿರುವಿನಲ್ಲಿ ಆಡಿನ ಹಿಂಡು ಅಡ್ಡ ಬಂತು. ಅತ್ತಿಗೆ ಎಂದಿನಂತೆ ಬ್ರೇಕು ತುಳಿದರು. ಕಾರು ಎಂದಿನಂತೆ ನಿಲ್ಲಲಿಲ್ಲ. ಇದ್ದ ಬಲವನ್ನೆಲ್ಲ ಹಾಕಿ ಸ್ಟೀರಿಂಗ್ ತಿರುಗಿಸಿ ಪಕ್ಕದ ಜೋಳದ ಹೊಲಕ್ಕೆ ನುಗ್ಗಿಸಿದರು. ಆಡುಗಳಿಗೆ ಏನೂ ಆಗಲಿಲ್ಲ. ಅತ್ತಿಗೆ ಕಾರನ್ನು ಹೊಲದಿಂದ ಹಿಂದಕ್ಕೆ ತೆಗೆದು ಅಜ್ಜಂಪುರಕ್ಕೇ ಹಿಂತಿರುಗಿದರು.

ಅಣ್ಣ ಹೆದರಿದ. ಹೆದರಿದ ಗಂಡಸರು ಸಾಮಾನ್ಯವಾಗಿ ಮಾಡುವಂತೆ ತೀರ್ಪು ಕೊಟ್ಟ. ‘ಅಭ್ಯಾಸ ಆಗೋವರ್ಗೂ ನೀನು ಕಾರು ಮುಟ್ಟಬೇಡ.’

‘ಮುಟ್ಟದೇ ಇದ್ರೆ ಅಭ್ಯಾಸ ಆಗೋದು ಹೆಂಗ್ರೀ?’ ಎಂದರು ಅತ್ತಿಗೆ. ಅಣ್ಣ ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡ. ಬಸ್ಸಿನ ವೇಳೆ ಪಾಠದ ವೇಳೆಗೆ ಹೊಂದುತ್ತಿರಲಿಲ್ಲ. ತರೀಕೆರೆಯಲ್ಲಿ ಪಾಠ ನಿಂತಿತು. ಪರೀಕ್ಷೆ ಹತ್ತಿರ ಬರುತ್ತಿತ್ತು. ಗಂಗಮ್ಮನವರು ಪುಸ್ತಕ ಹಿಡಿದು ನನ್ನ ಬಾಗಿಲಿಗೆ ಬಂದು ‘ಏನಪ್ಪಾ, ನಮ್ ಟೀಚರಮ್ಮ ಬರೋದೇ ಇಲ್ವಾ?’ ಎಂದು ಕೇಳಿ ಹೋಗುತ್ತಿದ್ದರು.

ಒಂದು ದಿನ ಅತ್ತಿಗೆ ನನ್ನ ಕೈಲಿ ಹೇಳಿಕಳಿಸಿದರು: ‘ನಂಗೆ ಬರಕ್ಕಾಗಲ್ಲ. ಅವ್ರೇ ಬರ್ಲಿ.’

ಮುಂದಿನ ಶನಿವಾರ ಗಂಗಮ್ಮನೂ ಇನ್ನು ಮೂವರೂ ಬಸ್ಸು ಹತ್ತಿ ಅಜ್ಜಂಪುರಕ್ಕೆ ಹೊರಟರು. ಜೊತೆಗೆ ನಾನೂ, ವಾಪಸು ಬರಲಿಕ್ಕಿರಲೆಂದು ಬಸ್ಸಿನ ಮೇಲೆ ಸೈಕಲ್ ಹೇರಿಕೊಂಡು ಹೋದೆ. ಅಣ್ಣ ರೋಗಿಗಳನ್ನು ನೋಡುತ್ತಿದ್ದ ಶಾಪಿನ ಜಗುಲಿಯ ಮೇಲೆಯೇ ಪಾಠ ಶುರುವಾಯಿತು. ಹಿಂದಿಯಲ್ಲಿ ಜೀವವಿಲ್ಲದ ವಸ್ತುಗಳಿಗೂ ಗಂಡು ಹೆಣ್ಣು ಎಂಬ ಭೇದ ಉಂಟಷ್ಟೆ. ಅಂದಿನ ಪಾಠ ಅದೇ.

‘ಗಾಡಿ ಸ್ತ್ರೀಲಿಂಗ. ಪಹಿಯಾ ಅಂದ್ರೆ ಚಕ್ರ, ಪುಲ್ಲಿಂಗ’ ಎಂದರು ಅತ್ತಿಗೆ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ.

‘ಅದ್ಕೇ ಕಣೇ ಮಾತು ಕೇಳಲ್ಲ’ ಎಂದರು ಗಂಗಮ್ಮ. ಜಗುಲಿಯ ನಗು ಒಳಗೆ ತುಂಬಿ, ರೋಗಿಯ ಎದೆಗೆ ಸ್ಟೆತಾಸ್ಕೋಪು ಇಟ್ಟಿದ್ದ ಅಣ್ಣನಿಗೆ ಬೇರೇನೂ ಕೇಳಿಸದೆ ಹೋಯಿತು.

ಪಾಠ ಮುಗಿಯುವ ಹೊತ್ತಿಗೆ ಬಸ್ಸು ಹೊರಟುಹೋಗಿತ್ತು. ಹೆಂಗಸರನ್ನು ತರೀಕೆರೆಗೆ ಮುಟ್ಟಿಸುವ ಭಾರ ಅಣ್ಣನ ಮೇಲೆ ಬಿತ್ತು. ಹಿಂದೆ ನಾಲ್ವರು ಒತ್ತೊತ್ತಾಗಿ ಕೂತರು, ಮುಂದೆ ಅತ್ತಿಗೆ. ನಾನು ಸೈಕಲ್ಲಿನಲ್ಲಿ ಮೊದಲೇ ಹೊರಟಿದ್ದೆ. ದಾರಿಯಲ್ಲಿ ಸಿಗುವ ದಿಬ್ಬದ ಬುಡದಲ್ಲಿ ಕಾರು ನನ್ನನ್ನು ದಾಟಿ ಮುಂದೆ ಹೋಯಿತು. ಅಣ್ಣ ಹಾರನ್ನು ಬೇರೆ ಹೊಡೆದ.

ದಿಬ್ಬದ ಅರ್ಧದಲ್ಲಿ ಎಂಜಿನ್ನು ಅರಚತೊಡಗಿತು. ಅಣ್ಣ ಗೇರು ಇಳಿಸಿದ, ಮತ್ತೆ ಇಳಿಸಿದ. ಅದಕ್ಕಿಂತ ಕೆಳಗೆ ಇಳಿಸಲು ಗೇರಿರಲಿಲ್ಲ. ಕಾರು ಯೋಚಿಸುವವರಂತೆ ಒಂದು ಕ್ಷಣ ನಿಂತಿತು. ಆಮೇಲೆ, ಅಣ್ಣ ಬ್ರೇಕು ತುಳಿದರೂ, ಮೆಲ್ಲಗೆ ಹಿಂದಕ್ಕೆ ಸರಿಯತೊಡಗಿತು. ಸೈಕಲ್ ತಳ್ಳಿಕೊಂಡು ಹತ್ತುತ್ತಿದ್ದ ನನಗೆ ಅಣ್ಣನ ಮುಖ ಕಾಣಿಸಲಿಲ್ಲ. ಕಾರಿನ ಬೆನ್ನು ನನ್ನ ಕಡೆ ಬರುತ್ತಿದ್ದುದು ಮಾತ್ರ ಕಾಣಿಸಿತು. ಒಂದು ಪಕ್ಕ ಹಳ್ಳ. ಒಳಗಿದ್ದವರು ಕೂಗಿಕೊಂಡರು. ಅಷ್ಟರಲ್ಲಿ ಅತ್ತಿಗೆ ಬಾಗಿಲು ತೆಗೆದು ಹಾರಿ, ರಸ್ತೆಬದಿಯ ಕಲ್ಲೊಂದನ್ನು ತಬ್ಬಿ ತಂದು ಹಿಂದಿನ ಚಕ್ರದ ಕೆಳಗೆ ಉರುಳಿಸಿದರು. ಕಾರು ಅದರ ಮೇಲೆ ಒರಗಿ ನಿಂತಿತು.

ಎಲ್ಲರೂ ಇಳಿದರು. ಇಳಿದು, ಸೆರಗು ಸಿಕ್ಕಿಸಿಕೊಂಡು, ತಳ್ಳಿದರು. ನಾನೂ ಸೈಕಲ್ ಮಲಗಿಸಿ ಕೈ ಹಾಕಿದೆ. ನೆತ್ತಿ ಮುಟ್ಟಿದ ಮೇಲೆ ಗಂಗಮ್ಮ ಏದುಸಿರು ಬಿಡುತ್ತ, ‘ಡಾಕ್ಟ್ರೇ, ಇಳಿಜಾರ್ನಲ್ಲಿ ನಾವು ಕೂರಲ್ಲ, ನಡ್ಕಂಡೇ ಬತ್ತೀವಿ. ನೀವು ಮೆಲ್ಲಗ್ ಬನ್ನಿ’ ಎಂದರು. ಅಣ್ಣ ಬೆವರಿನಲ್ಲಿ ತೊಯ್ದು, ಮೊದಲನೇ ಗೇರಿನಲ್ಲಿ ಅವರ ಹಿಂದೆಯೇ ಇಳಿದ.

ಕೆಳಗೆ ಬಂದ ಮೇಲೆ ಅವನು ಕಾರಿನಿಂದ ಇಳಿದು ಅತ್ತಿಗೆಯ ಹತ್ತಿರ ಬಂದ. ಅವರ ಅಂಗೈ ತರಚಿತ್ತು. ಅದನ್ನು ಹಿಡಿದು ನೋಡುತ್ತ, ‘ಶಾರದಾ, ಅವತ್ತು ಆಡುಗಳ ಹತ್ರ ನಿಂಗೂ ಹಿಂಗೇ ಆಯ್ತಾ?’ ಎಂದು ಕೇಳಿದ.

‘ಹಿಂಗೇ.’

‘ಮೊದಲೇ ಹೇಳ್ಬಾರ್ದಿತ್ತಾ?’

‘ಹೇಳಿದ್ದೆ.’

ಅಣ್ಣನ ಕಿವಿಯ ತುದಿ ಕೆಂಪಾದದ್ದನ್ನು ನಾನು ನೋಡಿದೆ.

ಮರುದಿನ ಭಾನುವಾರ ಅವನೇ ಜಾಕು ಹಚ್ಚಿ ಹಳೆಯ ಚಕ್ರಗಳನ್ನು ಹಾಕಿದ. ಎರೆಮಣ್ಣಿನ ದಿಣ್ಣೆಗಳು ಎಲ್ಲಿಗೂ ಹೋಗಲಿಲ್ಲವಾದ್ದರಿಂದ, ಮುಂದೆ ಜಾಡು ಆಳವಾಗಿದ್ದ ಕಡೆ ಕಾರು ನಿಲ್ಲಿಸಿ, ಬ್ಯಾಗು ಹಿಡಿದು ನಡೆದೇ ಹೋಗುತ್ತಿದ್ದ. ಗೊಣಗಾಟವೂ ನಡೆದೇ ಇರುತ್ತಿತ್ತು. ಅತ್ತಿಗೆಯ ಶನಿವಾರಗಳು ಅವರಿಗೆ ವಾಪಸು ಬಂದವು. ಕಡೂರಿನ ಪರೀಕ್ಷೆಯಲ್ಲಿ ಹೆಚ್ಚಿನವರು ಪಾಸಾದರು. ಗಂಗಮ್ಮ ಲಿಂಗದಲ್ಲಿ ಎಡವಿ ನಪಾಸಾಗಿ, ಮತ್ತೆ ಕಟ್ಟಿ ಪಾಸಾದರು.

ಬಹಳ ಕಾಲದ ಮೇಲೆ ಅತ್ತಿಗೆಯನ್ನು ಕೇಳಿದೆ. ಅಷ್ಟು ದಿನ ಸುಮ್ಮನಿದ್ದದ್ದೇಕೆ, ಗಟ್ಟಿಯಾಗಿ ಜಗಳವಾಡಿದ್ದರೆ ಬೇಗ ಮುಗಿಯುತ್ತಿರಲಿಲ್ಲವೇ ಎಂದು. ಅವರು ಅವರೆಕಾಯಿ ಬಿಡಿಸುತ್ತ ಕೂತಿದ್ದರು.

‘ಜಗಳ ಆಡಿದ್ರೆ ನಮ್ಮಿಬ್ರಲ್ಲಿ ಒಬ್ರು ಗೆಲ್ತಿದ್ರು, ಅಷ್ಟೇ ಕಣಪ್ಪ. ನಾನು ಗೆದ್ದಿದ್ರೆ, ಹೆಂಡ್ತಿ ಕಾಟಕ್ಕೆ ತೆಗೆಸ್ದೆ ಅಂತ ನಿಮ್ಮಣ್ಣ ಊರೆಲ್ಲ ಹೇಳ್ಕಂಡು ಬರೋರು. ದಿಬ್ಬ ಆದ್ರೆ ಅವ್ರಿಗೇ ತೋರಿಸ್ತು, ಅದ್ರ ಮೇಲೆ ಹಂಗೆ ದೂರು ಹೇಳಕ್ಕಾಗತ್ತಾ?’